ಎಡಗಡೆಯ ಪಟ್ಟಿ

ತಲಘಟ್ಟಪುರದ ಬಸ್ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ದಿನ ಬೆಟ್ಟ ಹತ್ತಿಳಿದ ಕಾಲುಗಳು ಮಾತು ಕೇಳುತ್ತಿಲ್ಲ. ಹೋದ ವಾರ ನಾನೇ ಹೊಲಿದಿದ್ದ ಬೆನ್ನುಚೀಲದ ಎಡಗಡೆಯ ಪಟ್ಟಿ ಇಳಿಯುವಾಗ ಮತ್ತೆ ಕಿತ್ತುಬಂತು. ಉಳಿದ ದಾರಿಯುದ್ದಕ್ಕೂ ಚೀಲವನ್ನು ಹೊಟ್ಟೆಗೆ ಅವಚಿಕೊಂಡು ಬಂದೆ.

ಬಸ್ಸಿಗೆ ಕಾಯುತ್ತಾ ಸೂಜಿ ತೆಗೆದೆ. ದಪ್ಪ ಬಟ್ಟೆಯೊಳಗೆ ಇಳಿಯದೆ ಅದು ನನ್ನ ಬೆರಳಿಗೇ ಚುಚ್ಚಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ ಕೈ ಚಾಚಿದರು.

"ಕೊಡಿ ಸಾರ್ ಇಲ್ಲಿ. ಹಳೇ ತೂತಲ್ಲೇ ಹೊಲಿದ್ರೆ ಮತ್ತೆ ಕಿತ್ತೋಗುತ್ತೆ."

ಪಟ್ಟಿಯ ತುದಿಯನ್ನು ಒಳಕ್ಕೆ ಮಡಿಸಿ, ಸುತ್ತ ಚೌಕವಾಗಿ ಹೊಲಿದು, ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಸಾಲು ಹಾಕಿದರು.

"ಎಲ್ಲಿ ಕಲಿತ್ರಿ ಅಕ್ಕಾ?"

"ಬ್ಯಾಗ್ ಫ್ಯಾಕ್ಟ್ರೀಲಿ. ಆರು ವರ್ಷದಿಂದ ಎಡಗಡೆ ಪಟ್ಟಿ ಒಂದೇ ನಂದು. ಬಲಗಡೇದು ಬೇರೆಯೋರು ಹಾಕ್ತಾರೆ. ಎಲ್ಲಾ ಫಾರಿನ್‌ಗೆ ಹೋಗುತ್ತೆ."

"ಒಂದ್ಸಲಾನೂ ಹಾಕ್ಕೊಂಡು ನೋಡಿಲ್ವಾ?"

"ಸೂಪರ್‌ವೈಸರ್ ಸುಮ್ನೆ ಬಿಡ್ತಾನಾ?" ಎಂದು ನಕ್ಕರು.

ನಾನು ಚೀಲವನ್ನೆತ್ತಿ ಅವರ ಬೆನ್ನಿಗೇರಿಸಿದೆ. ಅವರು ಸೆರಗು ಸರಿಮಾಡಿಕೊಂಡು, ಎರಡೂ ಪಟ್ಟಿಗಳನ್ನು ಹಿಡಿದು, ಸ್ಟಾಪಿನ ಆ ತುದಿಯವರೆಗೆ ನಿಧಾನವಾಗಿ ನಡೆದರು.

"ಇಷ್ಟೊಂದು ಭಾರ ಹೊರುತ್ತಾ ಸಾರ್ ಇದು?" ಎಂದು ಎಡಭುಜದ ಮೇಲಿನ ಪಟ್ಟಿಯನ್ನು ಮುಟ್ಟಿ ನೋಡಿದರು.

ಅಷ್ಟರಲ್ಲಿ ನಾವಿಬ್ಬರೂ ಕಾಯುತ್ತಿದ್ದ ಬನಶಂಕರಿ ಬಸ್ಸು ಬಂತು. ಅದು ಹೋದರೆ ಇನ್ನೊಂದಕ್ಕೆ ಮುಕ್ಕಾಲು ಗಂಟೆ. ಅವರು ಬಸ್ಸನ್ನು ನೋಡಿದರು, ಪಟ್ಟಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಮತ್ತೊಂದು ಸುತ್ತಿಗೆ ತಿರುಗಿದರು. ನಾನೂ ಏಳಲಿಲ್ಲ.