ಅತ್ತಿ ತೊಗಟೆ ಕಷಾಯ ಮತ್ತು ತಿರುಗಿ ಬಾರದ ರೋಗಿಗಳು

ಕೋವಿಡ್ ಮುಗಿದು ಕಾಲೇಜುಗಳು ಮತ್ತೆ ತೆರೆದ ವರ್ಷ ನಾನು ಹೊಸೂರಿನ ಹತ್ತಿರ ಒಂದು ಫಾರ್ಮಸಿ ಕಾಲೇಜಿನಲ್ಲಿ ಫಾರ್ಮಕಾಲಜಿ ವಿಭಾಗದ ಮುಖ್ಯಸ್ಥನಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು, ಹೊಸ ಕೆಲಸ ಹಚ್ಚಿಕೊಳ್ಳುವ ಹುಮ್ಮಸ್ಸು ಇರಲಿಲ್ಲ. ಆದರೂ ಬೇರಿಕೆ ಊರಿನ ಕಡೆಯ ನಾಟಿ ವೈದ್ಯೆ ಮುನಿಯಮ್ಮ ಹೊಟ್ಟೆಹುಣ್ಣಿಗೆ ಕೊಡುತ್ತಿದ್ದ ಅತ್ತಿ ತೊಗಟೆ ಕಷಾಯದ ಪರೀಕ್ಷೆ ನನ್ನ ಪಾಲಿಗೇ ಬಂತು.

ಇಲಿಗಳಿಗೆ ಕಷಾಯ ಕುಡಿಸಿ, ಆಮೇಲೆ ಹುಣ್ಣು ಬರಿಸುವ ಔಷಧ ಕೊಟ್ಟೆವು. ಹೊಟ್ಟೆ ಬಿಚ್ಚಿ ಅಲ್ಸರ್ ಇಂಡೆಕ್ಸ್, ಅಂದರೆ ಹುಣ್ಣು ಎಷ್ಟು, ಎಷ್ಟು ಆಳ ಎಂದು ಹಾಕುವ ಅಂಕ, ನೋಡಿದೆವು. ಕಷಾಯ ಕುಡಿದವುಗಳ ಅಂಕ ಕಡಿಮೆ ಇತ್ತು. ಆದರೆ ಹುಣ್ಣು ಬಾರದಂತೆ ತಡೆಯುವುದು ಬೇರೆ, ಬಂದದ್ದನ್ನು ಮಾಯಿಸುವುದು ಬೇರೆ. ಮನುಷ್ಯರ ಸಂಗತಿ ತಿಳಿಯಲು ಮುನಿಯಮ್ಮನ ಮನೆಗೇ ಹೋದೆ.

"ಎಷ್ಟು ಜನಕ್ಕೆ ವಾಸಿಯಾಗಿದೆ?"

"ಎಲ್ಲಾರ್ಗೂ ಆಗೈತೆ ಸಾ. ಒಬ್ರೂ ತಿರುಗಿ ಬಂದಿಲ್ಲ."

ಅದು ಅವರ ಮನೆತನದ ಕಟ್ಟಳೆ. ವಾಸಿಯಾದವರು ಮದ್ದು ಕೊಟ್ಟವರ ಹೊಸ್ತಿಲು ಮತ್ತೆ ತುಳಿಯಬಾರದು, ತುಳಿದರೆ ರೋಗ ಮರಳುತ್ತದೆ. ಹಾಗಾಗಿ ಬಾರದವರೆಲ್ಲ ವಾಸಿಯಾದವರು. ಮೌನವೇ ಸಮ್ಮತಿ ಅನ್ನುತ್ತಾರಲ್ಲ, ಇಲ್ಲಿ ಮೌನವೇ ವಾಸಿ. ಆಕೆಯಲ್ಲಿ ಮೋಸವಿರಲಿಲ್ಲ, ನನಗೆ ಅದೇ ಇನ್ನೂ ಕಷ್ಟವಾಯಿತು.

ಇತ್ತೀಚೆಗೆ ಮದ್ದು ಒಯ್ದವನು ಆಕೆಯ ತಮ್ಮನ ಮಗ ನಾಗರಾಜ. ಅವಲಪಲ್ಲಿಯಲ್ಲಿದ್ದು ಫ್ಯಾಕ್ಟರಿಗೆ ಹೋಗುತ್ತಿದ್ದ. ಹುಡುಕಿಕೊಂಡು ಹೋದರೆ ಹಾಸಿಗೆ ಹಿಡಿದಿದ್ದ, ಮುಖ ಬಿಳಿಚಿಕೊಂಡಿತ್ತು. ಮಲದ ಬಣ್ಣ ಕೇಳಿದೆ.

"ಟಾರು ಇದ್ದಂಗೆ ಕರ್ರಗೆ ಹೋಯ್ತದೆ ಸಾ."

ಒಳಗೆ ಹುಣ್ಣಿನಿಂದ ರಕ್ತ ಸೋರುವ ಲಕ್ಷಣ ಅದು. ಅತ್ತೆಗೆ ಯಾಕೆ ಹೇಳಲಿಲ್ಲ ಎಂದೆ.

"ವಾಸಿಯಾಗಿಲ್ಲ ಅಂದ್ರೆ ಅತ್ತೆ ನೊಂದ್ಕೊಂತಾಳೆ. ಅದ್ಕೇ ಸುಮ್ಕಿದ್ಬುಟ್ಟೆ."

ನನ್ನ ಕಾರಿನಲ್ಲೇ ಆಸ್ಪತ್ರೆಗೆ ಸೇರಿಸಿದೆ. ರಕ್ತ ಕೊಟ್ಟರು, ಎಂಡೋಸ್ಕೋಪಿ ಮಾಡಿ ರಕ್ತ ಸೋರುವುದನ್ನು ನಿಲ್ಲಿಸಿದರು. ಬದುಕಿದ.

ಸುದ್ದಿ ಕೇಳಿ ಮುನಿಯಮ್ಮ, "ಇನ್ನು ಮಿಕ್ಕಿದೋರ್ನ ಎಲ್ಲೀಂತ ಹುಡುಕ್ಲಿ ಸಾ?" ಎಂದರು.

ನಮ್ಮ ಪ್ರಬಂಧ ಅಚ್ಚಾಯಿತು; ಅದರಲ್ಲಿರುವುದು ಇಲಿಗಳ ಮಾತು ಮಾತ್ರ. ಅತ್ತಿ ತೊಗಟೆ ಹುಣ್ಣಿಗೆ ಆಗುತ್ತದೆಯೇ ಎಂದು ಜನ ಈಗಲೂ ಕೇಳುತ್ತಾರೆ. ಗೊತ್ತಿಲ್ಲ ಎಂದು ಹೇಳಿ ಹೇಳಿ ದಣಿದಿದ್ದೇನೆ. ಬಂದು ಹೊಗಳುವವರ ಮಾತಿಗಿಂತ ಬಾರದವರ ಮನೆಗೆ ಹೋಗಿ ಕೇಳುವುದು ಮುಖ್ಯ ಎಂಬುದಷ್ಟೇ ಈ ವೃತ್ತಿ ನನಗೆ ಕಲಿಸಿದ್ದು.

ಮುನಿಯಮ್ಮ ಈಗ ಮೊದಲು ಮಲದ ಬಣ್ಣ ಕೇಳುತ್ತಾರೆ, ಕಪ್ಪೆಂದರೆ ಆಸ್ಪತ್ರೆಗೆ ಅಟ್ಟುತ್ತಾರೆ. ಉಳಿದವರಿಗೆ ಕಷಾಯ ಕೊಟ್ಟು, ಕಟ್ಟಳೆ ಮುರಿದು ಹೇಳುತ್ತಾರೆ: "ವಾಸಿಯಾದ್ರೂ ಬಾ, ಆಗ್ದಿದ್ರೂ ಬಾ."