ಸುಸ್ವಾಗತ ಕೋರಿದ ಬಹಿಷ್ಕಾರ

ಆಟೋಗೆ ಮೈಕು ಕಟ್ಟಿ ಕೂಗಿಕೊಂಡು ಹೋಗುವ ಪ್ರಕಟಣೆಗಳನ್ನು ಆಲಿಸುವುದರಲ್ಲಿ ನನಗಿರುವ ಶ್ರದ್ಧೆ ಪುರಾಣಶ್ರವಣದಲ್ಲಿ ಇದ್ದಿದ್ದರೆ, ಇಷ್ಟು ಹೊತ್ತಿಗೆ ನನ್ನ ಮುಕ್ತಿ ಖಚಿತವಾಗಿರುತ್ತಿತ್ತು. ನಾಳೆ ಕರೆಂಟು ಇರುವುದಿಲ್ಲವೆಂಬ ಸುದ್ದಿಯಿರಲಿ, ಕಣ್ಣಿನ ತಪಾಸಣಾ ಶಿಬಿರವಿರಲಿ, ಬಾಯೊಳಗಿನ ತುತ್ತನ್ನು ಹಾಗೇ ಇಟ್ಟುಕೊಂಡು ಗೇಟಿಗೆ ಓಡುತ್ತೇನೆ. ನಮ್ಮ ಮಲ್ಲಿಪಟ್ಟಣದಲ್ಲಿ ಈ ಕೈಂಕರ್ಯ ನಡೆಸುವವನು ಅರಕಲಗೂಡಿನ ಆಟೋ ಚಾಲಕ ಪುಟ್ಟಸ್ವಾಮಿ. ಕಂಠ ಗಂಭೀರ, ಕ್ರಮ ಅಚಲ. ಮೊದಲು ದಿನ, ಆಮೇಲೆ ಸ್ಥಳ, ಕೊನೆಗೆ ‘ಸರ್ವರಿಗೂ ಆದರದ ಸುಸ್ವಾಗತ’. ಒಮ್ಮೆ ಸಾವಿನ ಸುದ್ದಿ ಕೂಗುವಾಗಲೂ ಬಾಯಿ ತಪ್ಪಿ ಸುಸ್ವಾಗತ ಕೋರಿ, ಸತ್ತವರ ಮಕ್ಕಳಿಂದ ಬೈಸಿಕೊಂಡಿದ್ದ ಪುಣ್ಯಾತ್ಮ.

ನಮ್ಮ ಬೀದಿಯಲ್ಲಿ ಟೈಲರ್ ಶಾಂತಮ್ಮ ಇದ್ದಾಳೆ. ಬಾಡಿಗೆಗೆ ಹಿಡಿದ ಒಂದೇ ಕೋಣೆ ಅವಳ ಅಂಗಡಿ, ಮನೆ, ದೇವಾಲಯ ಎಲ್ಲವೂ. ವಾರವೆಲ್ಲ ರವಿಕೆ ಹೊಲಿದು, ಭಾನುವಾರ ಮಿಷನ್ನನ್ನು ಮೂಲೆಗೆ ತಳ್ಳಿ ಚಾಪೆ ಹಾಸಿದಳೆಂದರೆ, ನಾಲ್ಕಾರು ಜನ ಸೇರಿ ಯೇಸಪ್ಪನ ಹಾಡು ಹಾಡುತ್ತಿದ್ದರು. ಇದು ಊರಿನ ಕೆಲವು ಹುಡುಗರ ಕಣ್ಣು ಕುಕ್ಕಿತು. ಒಂದು ಭಾನುವಾರ ನುಗ್ಗಿ, ಮತಾಂತರ ಮಾಡುತ್ತೀಯಾ ಎಂದು ಕೂಗಾಡಿ, ಚಾಪೆಯನ್ನೂ ಕಂಜಿರವನ್ನೂ ಚರಂಡಿಗೆ ಎಸೆದು ಹೋದರು. ಮನೆಯ ಮಾಲೀಕ ರಂಗೇಗೌಡರು ಹೆದರಿಬಿಟ್ಟರು.

“ಇನ್ನೊಂದ್ಸಲ ಗಲಾಟೆ ಆದ್ರೆ ಮನೆ ಖಾಲಿ ಮಾಡ್ಬುಡವ್ವ” ಎಂದರು. ಖಾಲಿ ಮಾಡಿದರೆ ಅವಳಿಗೆ ಅನ್ನ, ಸೂರು, ಪ್ರಾರ್ಥನೆ ಮೂರೂ ಒಟ್ಟಿಗೇ ಹೋಗುತ್ತಿದ್ದವು.

ಇದು ಸಾಲದೆಂಬಂತೆ ದೇವರಾಜು ಬೇರೆ. ಅವಳ ಜೊತೆಗೇ ಹಾಡುತ್ತಿದ್ದ ಈ ಆಸಾಮಿಗೆ ಜನ ಅವಳ ಹಾಡನ್ನೇ ಮೆಚ್ಚುತ್ತಾರೆಂಬ ಸಂಕಟ. ಹಿಂದಿನ ಬೀದಿಯಲ್ಲೇ ಕೀಬೋರ್ಡು ಮತ್ತು ಮಧ್ಯಾಹ್ನದ ಊಟದ ಸಮೇತ ಪ್ರತಿಸ್ಪರ್ಧಿ ಪ್ರಾರ್ಥನೆ ಆರಂಭಿಸಿದ. ನನ್ನ ಹೆಂಡತಿಯ ರವಿಕೆ ಕೇಳುವ ನೆಪದಲ್ಲಿ ಹೋಗಿ ಈ ಸುದ್ದಿಯನ್ನು ಶಾಂತಮ್ಮನಿಗೆ ಮೊದಲು ಮುಟ್ಟಿಸಿದವನು ನಾನೇ. ಅವಳು ಅತ್ತರೆ ಸಮಾಧಾನ ಹೇಳಲು ಎರಡು ಸೊಗಸಾದ ವಾಕ್ಯಗಳನ್ನೂ ಸಿದ್ಧಪಡಿಸಿಕೊಂಡಿದ್ದೆ. ಅವಳು ನಕ್ಕುಬಿಟ್ಟಳು.

“ಮಾಡ್ಲಿ ಬುಡಿ ಸಾ. ಒಟ್ಟೆಕಿಚ್ಚಿಗೇ ಮಾಡುದ್ರೂ ತಗೊಳೋದು ಯೇಸಪ್ಪನ ಎಸ್ರೇ ತಾನೆ?”

ಪಕ್ಕದ ಮನೆಯ ದಾಸವಾಳ ನಮ್ಮದಕ್ಕಿಂತ ಒಂದು ಹೂ ಹೆಚ್ಚು ಬಿಟ್ಟರೆ ಮಾತು ಬಿಡುವ ನನಗೆ ಈ ಔದಾರ್ಯ ಅರ್ಥವಾಗಲಿಲ್ಲ. ನನ್ನ ಎರಡು ವಾಕ್ಯಗಳು ವ್ಯರ್ಥವಾದುವಲ್ಲಾ ಎಂದು ಬೇಸರವೂ ಆಯಿತು.

ಶನಿವಾರ ಸಂಜೆ ಪುಟ್ಟಸ್ವಾಮಿಯ ಆಟೋ ಬಂತು. ಈ ಸಲ ಅದನ್ನು ಗೊತ್ತುಮಾಡಿದವರು ಆ ಹುಡುಗರೇ.

“ಆತ್ಮೀಯ ಬಂಧುಗಳೇ, ನಾಳೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಹಾಲಿನ ಡೈರಿ ಹಿಂಭಾಗ, ಟೈಲರ್ ಶಾಂತಮ್ಮನವರ ಮನೆಯಲ್ಲಿ ನಡೆಯುವ ಪ್ರಾರ್ಥನೆಗೆ ಯಾರೂ ಹೋಗಕೂಡದು. ಸರ್ವರಿಗೂ ಆದರದ ಸುಸ್ವಾಗತ!”

ಅಲ್ಲಿಯವರೆಗೆ ಅಂಥದೊಂದು ಪ್ರಾರ್ಥನೆ ಇದೆಯೆಂದು ಅರ್ಧ ಊರಿಗೆ ಗೊತ್ತೇ ಇರಲಿಲ್ಲ, ಓದುಗ ಮಹಾಶಯರೇ! ಈಗ ದಿನ, ಗಂಟೆ, ದಾರಿ ಎಲ್ಲವೂ ಸ್ಪಷ್ಟವಾಗಿ ತಿಳಿದವು. ಮರುದಿನ ಡೈರಿಯ ಹಿಂದೆ ಕಾಲಿಡಲು ಜಾಗವಿರಲಿಲ್ಲ. ಜಗಳ ನೋಡಲು ಕೆಲವರು, ಊಟವಿದೆಯೆಂದು ಕೆಲವರು, ರವಿಕೆಯ ನೆಪ ಹಿಡಿದು ನಾನು. ಗಲಾಟೆಗೆಂದು ಬಂದ ಹುಡುಗರ ಮುಖಂಡನಿಗೆ ಮೊದಲು ಕಂಡದ್ದು ಮುಂದಿನ ಸಾಲಿನಲ್ಲಿ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದ ಅವನ ತಾಯಿ. “ನೋವು ಓದ್ರೆ ಸಾಕು ಕಣ್ಲಾ, ಸುಮ್ಕೆ ನಿಂತ್ಕೊ” ಎಂದು ಆಕೆ ಗದರಿದ ಮೇಲೆ ಅವರೆಲ್ಲ ಬೇವಿನ ಮರದಡಿ ಮೊಬೈಲು ನೋಡುತ್ತ ನಿಂತರು. ತನ್ನ ಭಕ್ತರೆಲ್ಲ ಇಲ್ಲಿಗೆ ಬಂದರೆಂಬ ಗಾಬರಿಯಲ್ಲಿ ದೇವರಾಜು ಕೀಬೋರ್ಡು ಹೊತ್ತುಕೊಂಡೇ ಓಡಿಬಂದ.

ಕೊನೆಗೆ ರಂಗೇಗೌಡರು ಬಂದರು. ಶಾಂತಮ್ಮನ ಮುಖ ಬಿಳಿಚಿಕೊಂಡಿತು. ಆದರೆ ಬರುವ ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕೆಂದಿದ್ದ ಗೌಡರು ಆ ಜನಸಮೂಹವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ನೋಡಿ, ಎರಡೂ ಕೈ ಜೋಡಿಸಿದರು.

“ಈ ಶಾಂತವ್ವ ನಮ್ಮನೆ ಮಗಳಿದ್ದಂಗೆ ಕಣ್ರಪ್ಪ. ಇವ್ಳು ಎಲ್ಲೂ ಓಗಾಕಿಲ್ಲ, ಇಲ್ಲೇ ಇರ್ತಾಳೆ. ಯಾರಾದ್ರೂ ತಂಟೆ ಮಾಡುದ್ರೆ ನನ್ನ ಕೇಳಿ!”

ನನಗೆ ನಗು ತಡೆಯಲಾಗಲಿಲ್ಲ. ಈ ಸ್ವಾರ್ಥಿಗಳ ಸಂತೆಯಲ್ಲಿ ಭಕ್ತಿಯೆಲ್ಲಿ ಎಂದು ಬಾಗಿಲ ಹೊರಗೇ ನಿಂತು ಪಂಡಿತನಂತೆ ಯೋಚಿಸುತ್ತಿರುವಾಗ, ಶಾಂತಮ್ಮ ಕಣ್ಣೊರೆಸಿಕೊಂಡು ಪ್ರಾರ್ಥನೆಗೆ ನಿಂತಳು.

“ಯೇಸಪ್ಪಾ, ಜಗಳ ನೋಡಕ್ಕೆ ಬಂದವ್ರೆ, ಊಟಕ್ಕೆ ಬಂದವ್ರೆ, ವೋಟಿಗೆ ಬಂದವ್ರೆ. ಒಬ್ರು ರವ್ಕೆ ಇಸ್ಕೊಳಕ್ಕೆ ಬಂದವ್ರೆ. ಯಾರ್ನೂ ಬರೀಕೈಲಿ ಕಳಿಸ್ಬ್ಯಾಡ. ನಾನೂ ಮೊದ್ಲು ಬಂದಿದ್ದು ಗಂಡ ಕುಡಿಯಾದು ಬುಡ್ಲಿ ಅಂತ, ನಿನ್ ಮ್ಯಾಲಿನ ಆಸೆಯಿಂದಲ್ಲ. ಯಾಕ್ ಬಂದೆ ಅಂತ ನೀನು ಕೇಳ್ನಿಲ್ಲ.”

ಜನ ನಕ್ಕರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಗೌಡರು ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು.