ಗೊತ್ತಿಲ್ಲದವರು ಮುಷ್ಟಿ ಹಿಡಿಯಿರಿ

ಬಿ.ಎಡ್. ಓದುವಾಗ ನಾನು ಕಲಿತ ಮೊದಲ ವಿದ್ಯೆ ಪುಸ್ತಕದಲ್ಲಿರಲಿಲ್ಲ. ಹಿಂದಿನ ವರ್ಷ ಓದಿ ಹೋದ ಹುಡುಗಿಯರು ಹಾಸ್ಟೆಲಿಗೆ ಬಿಟ್ಟುಹೋಗಿದ್ದ ವಿದ್ಯೆ ಅದು. ಪಾಠದ ನಡುವೆ ಪ್ರಶ್ನೆ ಕೇಳಿದ ಕೂಡಲೇ ತರಗತಿಯ ಎಲ್ಲ ಮಕ್ಕಳೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಅಂಗೈ ಬಿಚ್ಚಿ ಎತ್ತಬೇಕು, ಗೊತ್ತಿಲ್ಲದವರು ಮುಷ್ಟಿ ಹಿಡಿದು. ಹಿಂದೆ ಕೂತು ಅಂಕ ಹಾಕುವ ಲೆಕ್ಚರರಿಗೆ ಇಡೀ ತರಗತಿ ಶಾಣ್ಯಾ ಅನ್ನಿಸಬೇಕು, ನಾವು ಮಾತ್ರ ಬಿಚ್ಚಿದ ಕೈಯವರನ್ನೇ ಎಬ್ಬಿಸಬೇಕು. ಎಲ್ಲ ಟ್ರೇನಿಗಳೂ ಹೀಗೇ ಮಾಡುತ್ತಿದ್ದರು, ಹೆಚ್ಚಿನ ಲೆಕ್ಚರರುಗಳಿಗೆ ಗೊತ್ತೂ ಇತ್ತು.

ನನ್ನ ಕೊನೆಯ ಪಾಠ ಇಳಕಲ್ಲಿನ ಒಂದು ಹೈಸ್ಕೂಲಿನ ಎಂಟನೆಯ ತರಗತಿಗೆ ಬಿತ್ತು. ವಿಷಯ ನಮ್ಮ ಕೈಮಗ್ಗ. ನಾನು ಬಾಗಲಕೋಟೆಯವಳು. ಹಳೆ ಊರಿನ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ನವನಗರಕ್ಕೆ ಬಂದವರು ನಾವು. ಜಿಲ್ಲಾ ಕೇಂದ್ರದವಳೆಂಬ ಜಂಬ ನನಗೆ ಮೂಗಿನ ತುದಿಯಲ್ಲೇ ಇತ್ತು. ಮಗ್ಗದ ಮುಂದೆ ಒಂದು ದಿನವೂ ನಿಂತವಳಲ್ಲ, ಪುಸ್ತಕ ನೋಡಿ ಚಾರ್ಟ್ ಬರೆದೆ. ನೇಕಾರರ ಮಕ್ಕಳಿಗೆ ನೇಯ್ಗೆ ಕಲಿಸಲು ಹೋಗುವುದು ಮೀನಿಗೆ ಈಜು ಕಲಿಸಿದಂತೆ ಎಂದು ಗೆಳತಿಯೊಬ್ಬಳು ನಕ್ಕರೆ, ಅವಳ ಜೊತೆ ಎರಡು ದಿನ ಮಾತು ಬಿಟ್ಟೆ. ನನಗೆ ನಗು ಬರುತ್ತಿರಲಿಲ್ಲ. ಅಂಕ ಕಡಿಮೆಯಾದರೆ ನೌಕರಿ ಇಲ್ಲ, ನೌಕರಿ ಇಲ್ಲದಿದ್ದರೆ ಬರುವ ಬೇಸಿಗೆಗೆ ಮದುವೆ ಎಂದು ಅಪ್ಪ ಹೇಳಿ ಕಳಿಸಿದ್ದ.

ಹಿಂದಿನ ದಿನ ಮಕ್ಕಳಿಗೆ ತಾಲೀಮು ಕೊಟ್ಟೆ. ಯಾವ ಪ್ರಶ್ನೆಗೆ ಯಾರು ಅಂಗೈ, ಯಾರು ಮುಷ್ಟಿ, ಎಲ್ಲ ಹೇಳಿಕೊಟ್ಟೆ. ಆಗ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ತೆಳ್ಳಗಿನವಳು, ಬೆರಳುಗಳ ತುಂಬ ನೂಲು ಕೊಯ್ದ ಗೆರೆಗಳು.

"ಅಕ್ಕೋರ, ಚಾರ್ಟ್ ತಪ್ಪೈತ್ರಿ. ಸೀರಿ ಒಂದ ಹಾಸಿನ್ಯಾಗ ನೇಯೂದಿಲ್ರಿ. ಸೆರಗಿನ ರೇಷ್ಮಿ ಹಾಸು ಬ್ಯಾರೆ, ಮೈ ಹಾಸು ಬ್ಯಾರೆ. ಒಂದೊಂದ ಎಳಿಗೂ ಕೊಂಡಿ ಹಾಕಿ ಎರಡೂ ಕೂಡಸ್ಬೇಕ್ರಿ."

ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಅನ್ನುತ್ತಾರೆಂಬುದಷ್ಟೇ ನನಗೆ ಗೊತ್ತಿತ್ತು. ಅವಳು ತನ್ನ ಜಡೆಯ ಟೇಪನ್ನು ಬಿಚ್ಚಿ ಇನ್ನೊಬ್ಬಳ ಟೇಪಿಗೆ ಕುಣಿಕೆ ಹಾಕಿ ತೋರಿಸಿದಳು. ಅಷ್ಟು ಚೆಂದದ ಪಾಠವನ್ನು ನಾನು ಆ ಇಡೀ ವರ್ಷ ಮಾಡಿರಲಿಲ್ಲ. ಅದಕ್ಕೇ ಮೈಯೆಲ್ಲ ಉರಿಯಿತು.

"ಭಾಳ ಶಾಣ್ಯಾ ಅದೀ ಬಿಡು. ನಾಳೆ ನೀ ಎಲ್ಲಾ ಪ್ರಶ್ನಿಗೂ ಮುಷ್ಟಿ ಹಿಡಿ. ತಿಳೀತಿಲ್ಲೊ?"

"ತಿಳೀತ್ರಿ" ಎಂದು ಕೂತಳು. ಚಾರ್ಟ್ ಬದಲಿಸಲಿಲ್ಲ. ಮೂರು ರಾತ್ರಿ ಕೂತು ಬಣ್ಣ ತುಂಬಿದ್ದೆ, ಒಂದು ಪೋರಿಯ ಮಾತಿಗೆ ಹರಿದುಹಾಕಲೇ?

ಮರುದಿನ ಪಾಠ ನೀರಿನಂತೆ ಹರಿಯಿತು. ಅರ್ಧಕ್ಕೆ ಬಂದಾಗ ಹಿಂದೆ ಕೂತಿದ್ದ ಲೆಕ್ಚರರು ಎದ್ದು ಮುಂದೆ ಬಂದರು, ಚಾರ್ಟಿನ ಮೇಲೆ ಬೆರಳಿಟ್ಟು ಮಕ್ಕಳನ್ನು ಕೇಳಿದರು. "ಈ ಸೆರಗು ಸೀರಿಗೆ ಹೆಂಗ ಕೂಡತೈತಿ?"

ಅದು ತಾಲೀಮಿನಲ್ಲಿ ಇಲ್ಲದ ಪ್ರಶ್ನೆ. ಅದಕ್ಕೆ ಅಂಗೈ ಬಿಚ್ಚಲು ಯಾರಿಗೂ ಹೇಳಿರಲಿಲ್ಲ, ಮಕ್ಕಳೆಲ್ಲ ಮುಷ್ಟಿ ಎತ್ತಿದರು. ಅವಳೂ ಎತ್ತಿದಳು, ನಾನು ಹೇಳಿದ್ದೆನಲ್ಲ. ಲೆಕ್ಚರರು ಅವಳ ಕೊಯ್ದ ಬೆರಳುಗಳನ್ನು ನೋಡಿರಬೇಕು, ನೇರ ಅವಳ ಬೆಂಚಿಗೇ ಹೋದರು.

"ನಿಮ್ಮ ಮನ್ಯಾಗ ಮಗ್ಗ ಐತೇನವಾ?"

"ಐತ್ರಿ."

"ಮತ್ತ ಹೇಳು."

ಅವಳು ನನ್ನ ಮುಖ ನೋಡಿದಳು. ಅಪ್ಪಣೆ ಕೇಳುವ ನೋಟ ಅದು. ನಾನು ರೆಪ್ಪೆ ಅಲ್ಲಾಡಿಸಿದ್ದರೂ ಸಾಕಿತ್ತು. ಆದರೆ ಅವಳು ಬಾಯಿ ಬಿಟ್ಟರೆ ನನ್ನ ಚಾರ್ಟ್ ತಪ್ಪೆಂದಾಗುತ್ತಿತ್ತು. ಕಣ್ಣು ಕೆಕ್ಕರಿಸಿದೆ.

"ಗೊತ್ತಿಲ್ರಿ" ಎಂದಳು.

"ನೇಕಾರ ಮನ್ಯಾಗ ಹುಟ್ಟಿ ಸೆರಗ ಗೊತ್ತಿಲ್ಲಂದ್ರ ತಲ್ಯಾಗ ಏನ ತುಂಬಕೊಂಡೀ, ಹತ್ತಿ ಏನ?" ಎಂದರು ಲೆಕ್ಚರರು.

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅಷ್ಟಕ್ಕೇ ಬಿಡಲಿಲ್ಲ. "ಈಕಿ ಸ್ವಲ್ಪ ದಡ್ಡಿ ಅದಾಳ್ರಿ ಸರ್. ಮಕ್ಕಳ ಬಾಯಿಂದನ ಬರ್ಲಿ ಅಂತ ಚಾರ್ಟಿನ್ಯಾಗ ಬೇಕಂತ ಬಿಟ್ಟಿದ್ನಿರಿ" ಎಂದೆ. ಆಮೇಲೆ ಅವಳು ಹೇಳಿದ್ದನ್ನೇ ಒಪ್ಪಿಸಿದೆ. ಬೇರೆ ಹಾಸು, ಒಂದೊಂದು ಎಳೆಗೂ ಕೊಂಡಿ. ನನ್ನ ಜಡೆಯಲ್ಲಿ ಟೇಪು ಇರಲಿಲ್ಲ. ಅವಳ ತಲೆಗೇ ಕೈ ಹಾಕಿ, ಅವಳ ಟೇಪನ್ನೇ ಬಿಚ್ಚಿ ಪಕ್ಕದವಳ ಟೇಪಿಗೆ ಕುಣಿಕೆ ಹಾಕಿ ತೋರಿಸಿದೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ಲೆಕ್ಚರರು ನನ್ನ ಪಾಠದ ಟಿಪ್ಪಣಿಯ ಕೆಳಗೆ 'ವಿಷಯಜ್ಞಾನ ಬಹಳ ಚೆನ್ನಾಗಿದೆ' ಎಂದು ಬರೆದರು.

ಎರಡು ದಿನದ ಮೇಲೆ ಹೆಡ್ ಮಾಸ್ತರರ ಸಹಿ ಹಾಕಿಸಿಕೊಳ್ಳಲು ಹೋದಾಗ ಶಾಲೆಯ ಪಡಸಾಲೆಯಲ್ಲಿ ಅವಳು ನನ್ನನ್ನು ಕಾದು ನಿಂತಿದ್ದಳು. ಓಣಿಯ ಹುಡುಗಿಯರು ಅವಳ ಮನೆಗೆ ಸುದ್ದಿ ಮುಟ್ಟಿಸಿದ್ದರು. ಅವಳ ಅಪ್ಪ ಮೊದಲೇ ಸಾಲಿ ಬಿಡಿಸುವವನಿದ್ದನಂತೆ. ಹುಡುಗಿ ಶಾಣ್ಯಾ ಅದಾಳಂತ ಇಲ್ಲಿನ ಮಾಸ್ತರು ಹೇಳಿದ್ದಕ್ಕೆ ಸುಮ್ಮನಿದ್ದ. ಈಗ ಎಲ್ಲರೆದುರು ಮನೆತನದ ಮರ್ಯಾದೆ ಹೋಯಿತೆಂದು, ಸೋಮವಾರದಿಂದ ಮಗ್ಗದಾಗ ಕುಂದ್ರು ಅಂದನಂತೆ.

"ಅಕ್ಕೋರ, ಒಮ್ಮೆ ನಮ್ಮ ಮನಿಗೆ ಬರ್ರಿ. ನನಗ ಗೊತ್ತಿತ್ತಂತ ನಮ್ಮಪ್ಪಗ ಅಷ್ಟ ಹೇಳ್ರಿ. ನೀವ ಮುಷ್ಟಿ ಹಿಡಿ ಅಂದಿದ್ದು ಹೇಳಬ್ಯಾಡ್ರಿ."

ನನ್ನ ಮಾನ ಕಾಯುವ ದಾರಿಯನ್ನೂ ಅವಳೇ ಹುಡುಕಿಕೊಂಡು ಬಂದಿದ್ದಳು. ಆದರೆ ಅಂಕಪಟ್ಟಿ ಇನ್ನೂ ಕಾಲೇಜಿನಲ್ಲೇ ಇತ್ತು. ಮಾತಿಗೆ ಮಾತು ಬೆಳೆದು ಲೆಕ್ಚರರ ಕಿವಿಗೆ ಬಿದ್ದರೆ? "ನನಗ ಟೈಮ್ ಇಲ್ಲವಾ. ನಿಮ್ಮ ಮಾಸ್ತರ್ಗೆ ಹೇಳು" ಎಂದು ಛತ್ರಿ ಬಿಡಿಸಿಕೊಂಡು ಹೊರಟೆ. ಅವಳು ಗೇಟಿನವರೆಗೆ ಹಿಂದೆ ಬಂದಳು. ನಾನು ತಿರುಗಿ ನೋಡಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ. ನಾನು ಡೊಂಕು ಅಂದದ್ದಲ್ಲದೆ ಆ ನೆಲವನ್ನು ತುಳಿದೂ ಬಂದೆ.

ಮದುವೆ ತಪ್ಪಿತು, ನೌಕರಿ ಸಿಕ್ಕಿತು. ಇಳಕಲ್ಲಿಗೆ ಹತ್ತಿರದಲ್ಲೇ, ಹುನಗುಂದ ತಾಲ್ಲೂಕಿನಲ್ಲಿ ಶಾಲೆ. ಸೇರುವ ದಿನ ಉಡಲು ಸೀರೆ ನೇಕಾರರ ಮನೆಯಿಂದಲೇ ತರಬೇಕೆಂದು ಅವ್ವ ನನ್ನನ್ನು ಇಳಕಲ್ಲಿಗೆ ಎಳೆದುಕೊಂಡು ಹೋದಳು. ಯಾರೋ ತೋರಿಸಿದ ಮನೆಗೆ ಹೊಕ್ಕರೆ, ಒಳಗೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಅವಳು ಕೂತಿದ್ದಳು. ಕೆಂಪು ರೇಷ್ಮೆಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕುತ್ತಿದ್ದಳು.

ನನ್ನ ಮಗಳು ಟೀಚರು ಎಂದು ಅವ್ವ ಬಾಗಿಲಲ್ಲೇ ಸಾರಿದಳು. ಅವಳ ಅಪ್ಪ ಕೈ ಮುಗಿದ.

"ಈಕಿನೂ ಸಾಲಿಗೆ ಹೊಕ್ಕಿದ್ಲರಿ. ತಲಿಗೆ ಹತ್ತಲಿಲ್ಲ. ಆದ್ರ ಕೊಂಡಿ ಹಾಕೂದ್ರಾಗ ಈ ಓಣ್ಯಾಗ ಈಕಿನ ಕೈ ಯಾರಿಗೂ ಬರೂದಿಲ್ಲ ನೋಡ್ರಿ."

ಆಗಲೂ ನಾನು ಹೇಳಬಹುದಿತ್ತು. ಆ ಮನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವವರು ಯಾರೂ ಇರಲಿಲ್ಲ, ಅಂಕಪಟ್ಟಿಯೂ ನನ್ನ ಚೀಲದಲ್ಲಿತ್ತು. ಬಾಯಿಗೆ ಬಂದದ್ದು ಬೇರೆ. "ನನ್ನ ಗುರ್ತ ಹತ್ತೇತೇನವಾ?" ಎಂದೆ.

ಅವಳು ಎಳೆ ಬಿಟ್ಟು ಬಲಗೈ ಎತ್ತಿದಳು. ಬೆರಳು ಮಡಚಿ, ಮುಷ್ಟಿ ಹಿಡಿದು, ನಾನು ಕಲಿಸಿದ ಹಾಗೇ. ಕಣ್ಣು ನನ್ನ ಮೇಲೇ ಇತ್ತು.

"ಅಕ್ಕೋರು ಕೇಳಿದ್ರ ಬಾಯಿಲೆ ಹೇಳ, ಹುಚ್ಚಿ" ಎಂದು ಅವಳ ಅಪ್ಪ ಗದರಿದ. ಅವಳು ಕೈ ಇಳಿಸಿ ಮತ್ತೆ ಎಳೆಗೆ ಬಾಗಿದಳು. ಅವ್ವ ಒಂದು ಸೀರೆ ಆರಿಸಿದಳು. ನೌಕರಿಗೆ ಸೇರಿದ ದಿನ ಅದನ್ನೇ ಉಟ್ಟುಕೊಂಡು ಹೋಗಿ ಮಕ್ಕಳ ಮುಂದೆ ನಿಂತೆ.